ನೆದರ್‌ಲ್ಯಾಂಡ್ಸ್‌ನಲ್ಲಿ ಇಷ್ಟೊಂದು ಹೂವು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ?

ತುಂಗಾತೀರ ಬರೆದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು, ನಿವೃತ್ತ ಶಾಲಾ ಶಿಕ್ಷಕಿ. ಮಗಳು ಅಳಿಯ ಆಮ್‌ಸ್ಟೆಲ್‌ವೇನ್‌ನಲ್ಲಿರುವುದರಿಂದ ಏಪ್ರಿಲ್ ತಿಂಗಳನ್ನು ಇಲ್ಲಿ ಕಳೆಯುತ್ತಿದ್ದೇನೆ. ಈ ದೇಶದ ಕಾಲುವೆ, ಸೈಕಲ್ಲು, ಗಾಳಿಗಿರಣಿಗಳ ಬಗ್ಗೆ ಮೊದಲೇ ಕೇಳಿದ್ದರಿಂದ ಅವು ನನಗೆ ಅಷ್ಟೇನೂ ಹೊಸದೆನಿಸಲಿಲ್ಲ. ಆದರೆ ಹೂವಿನ ವಿಷಯದಲ್ಲಿ ಕೇಳಿದ್ದಕ್ಕೂ ಕಂಡದ್ದಕ್ಕೂ ತಾಳೆಯೇ ಆಗುತ್ತಿಲ್ಲ. ಹೆದ್ದಾರಿಯ ಪಕ್ಕದ ಹುಲ್ಲಿನಲ್ಲಿ ಮೈಲಿಗಟ್ಟಲೆ ಹಳದಿ ನಾರ್ಸಿಸಸ್, ಪೆಟ್ರೋಲ್ ಬಂಕಿನ ಬಾಗಿಲಲ್ಲಿ ಬಕೆಟ್ ತುಂಬ ಟುಲಿಪ್, ಪರದೆ ಎಳೆಯದ ಕಿಟಕಿಗಳಲ್ಲಿ ಜೋಡಿ ಆರ್ಕಿಡ್ ಕುಂಡ, ಇಟ್ಟಿಗೆ ಗೋಡೆಯ ಬುಡದಲ್ಲಿ ಗೇಣಗಲದ ಮಣ್ಣು ಸಿಕ್ಕರೆ ಅಲ್ಲಿಯೂ ಒಂದು ಗಿಡ. ಸೂಪರ್ ಮಾರ್ಕೆಟ್ಟಿನಲ್ಲಿ ಹತ್ತು ಟುಲಿಪ್‌ಗಳ ಕಟ್ಟು ಮೂರು ನಾಲ್ಕು ಯೂರೋಗೆ ಸಿಗುತ್ತದೆ, ಅಂದರೆ ಒಂದು ಲೋಟ ಕಾಫಿಯ ಬೆಲೆ.

ಇಷ್ಟೆಲ್ಲ ಇದ್ದರೂ ಒಬ್ಬರ ಮುಡಿಯಲ್ಲಿಯೂ ಒಂದು ಹೂವಿಲ್ಲ, ಒಂದು ಬಾಗಿಲಿಗೂ ಮಾಲೆಯಿಲ್ಲ. ಅದು ಅವರವರ ಪದ್ಧತಿ, ಇರಲಿ. ನನ್ನನ್ನು ನಿಜವಾಗಿ ಕಾಡಿದ್ದು ಲಿಸ್ಸೆ ಊರಿನ ಹತ್ತಿರ ಕಂಡ ಒಂದು ನೋಟ. ಎಕರೆಗಟ್ಟಲೆ ಕೆಂಪು ಟುಲಿಪ್ ಅರಳಿ ನಿಂತಿದ್ದ ಹೊಲದಲ್ಲಿ ಒಂದು ಯಂತ್ರ ಸಾಲಿನಿಂದ ಸಾಲಿಗೆ ಹೋಗುತ್ತ ಹೂವಿನ ತಲೆಗಳನ್ನಷ್ಟೇ ಕತ್ತರಿಸುತ್ತಿತ್ತು. ಅದು ಹೋದ ಕಡೆಯೆಲ್ಲ ಬರಿಯ ಹಸಿರು ದಂಟುಗಳು ಉಳಿಯುತ್ತಿದ್ದವು. ಕತ್ತರಿಸಿದ ಹೂವನ್ನು ಯಾರೂ ಬುಟ್ಟಿಗೆ ತುಂಬಿಕೊಳ್ಳಲಿಲ್ಲ. ಮಗಳನ್ನು ಕೇಳಿದರೆ "ಇಲ್ಲಿ ಹಾಗೇ ಅಮ್ಮ" ಎನ್ನುತ್ತಾಳೆ. ಬೆಳೆದ ಹೂವನ್ನು ಹೊಲದಲ್ಲಿಯೇ ಕತ್ತರಿಸಿ ಚೆಲ್ಲುವುದಾದರೆ ಅಂಗಡಿಗೆ ಬರುವ ಹೂವು ಯಾವುದು? ರಸ್ತೆ ಬದಿಯಲ್ಲಿ ಇದನ್ನೆಲ್ಲ ನೆಡುವವರು ಯಾರು? ಇಷ್ಟು ಅಗ್ಗಕ್ಕೆ ಕೊಡಲು ಹೇಗೆ ಸಾಧ್ಯ? ಬಲ್ಲವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಪೋಲ್ಡರ್ ವಾಸಿಯ ಉತ್ತರ:

ನಮಸ್ಕಾರ ಮೇಡಂ. ನಾನು ಹಿಲ್ಲೆಗೊಮ್ ಹತ್ತಿರ ಬಹಳ ವರ್ಷಗಳಿಂದ ಇದ್ದೇನೆ, ನೀವು ಕಂಡಂಥ ಹೊಲವೊಂದು ನಮ್ಮ ಹಿತ್ತಿಲ ಬೇಲಿಯ ಆಚೆಗೇ ಇದೆ. ನೀವು ಒಂದೇ ಎಂದುಕೊಂಡಿರುವ ಈ ಹೂವಿನಲ್ಲಿ ಮೂರು ಬಗೆಯಿದೆ. ಹೊಲದ ಹೂವು, ಅಂಗಡಿಯ ಹೂವು, ಬೀದಿಯ ಹೂವು ಮೂರೂ ಬೇರೆ ಬೇರೆ. ನಾನು ಹೊಲದ್ದನ್ನು ಮಾತ್ರ ಹೇಳುತ್ತೇನೆ.

ಹೊಲದಲ್ಲಿ ಬೆಳೆ ಎಂದರೆ ಗೆಡ್ಡೆ, ಹೂವಲ್ಲ. ಅಕ್ಟೋಬರ್ ನವೆಂಬರ್‌ನಲ್ಲಿ ನೆಟ್ಟ ಗೆಡ್ಡೆ ಚಳಿಗಾಲವಿಡೀ ಮಣ್ಣಿನೊಳಗೆ ತಂಪುಂಡು ಏಪ್ರಿಲ್‌ನಲ್ಲಿ ಹೂ ಬಿಡುತ್ತದೆ. ಹೂವು ಹಾಗೆಯೇ ಉಳಿದರೆ ಗಿಡ ತನ್ನ ಸತ್ತ್ವವನ್ನು ಬೀಜ ಕಟ್ಟುವುದಕ್ಕೆ ಖರ್ಚು ಮಾಡುತ್ತದೆ. ತಲೆ ಕತ್ತರಿಸಿದರೆ ಎಲೆಗಳು ತಯಾರಿಸಿದ ಆಹಾರವೆಲ್ಲ ಕೆಳಗಿಳಿದು, ನೆಟ್ಟ ತಾಯಿಗೆಡ್ಡೆ ಕರಗಿದ ಜಾಗದಲ್ಲಿ ಹುಟ್ಟುವ ಮರಿಗೆಡ್ಡೆಗಳು ದಪ್ಪಗಾಗುತ್ತವೆ. ಉದುರಿದ ಎಸಳು ಎಲೆಯ ಮೇಲೆ ಅಂಟಿಕೊಂಡು ಕೊಳೆತರೆ ಬೊಟ್ರೈಟಿಸ್ ಎಂಬ ಬೂಷ್ಟು ರೋಗ ಹೊಲಕ್ಕೆಲ್ಲ ಹಬ್ಬುವ ಭಯವೂ ಇದೆ.

ಹಾಗಿದ್ದರೆ ಮೊಗ್ಗಿನಲ್ಲಿಯೇ ಚಿವುಟಬಹುದಲ್ಲ, ಅರಳುವವರೆಗೆ ಕಾಯುವುದೇಕೆ ಎಂದು ನೀವು ಕೇಳಬಹುದು. ಅರಳಿದ ಮೇಲಷ್ಟೇ ತಳಿಯ ಶುದ್ಧತೆಯನ್ನೂ ರೋಗವನ್ನೂ ಗುರುತಿಸಲು ಸಾಧ್ಯ. ಕೆಂಪಿನ ನಡುವೆ ಒಂದು ಹಳದಿ ತಲೆ ಎತ್ತಿದ್ದರೆ ಅದು ಬೆರಕೆ. ಎಸಳಿನಲ್ಲಿ ಬಣ್ಣ ಒಡೆದು ಗೆರೆಗೆರೆಯಾಗಿದ್ದರೆ ಅದು ವೈರಸ್. ಇದನ್ನು ಹುಡುಕಲೆಂದೇ ಪಳಗಿದ ಜನ ಸಾಲುಗಳ ನಡುವೆ ಬಗ್ಗಿಕೊಂಡು ನಡೆಯುತ್ತಾರೆ, ಅನುಮಾನ ಬಂದ ಗಿಡವನ್ನು ಗೆಡ್ಡೆಸಮೇತ ತೆಗೆಯುತ್ತಾರೆ. ಇತ್ತೀಚೆಗೆ ಕ್ಯಾಮೆರಾ ಹೊತ್ತ ರೋಬೊಟ್‌ಗಳೂ ಈ ಕೆಲಸಕ್ಕೆ ಇಳಿದಿವೆ. ತಪಾಸಣೆ ಮುಗಿಯಿತೆಂದರೆ ಮರುದಿನವೇ ನೀವು ಕಂಡ ಯಂತ್ರ ಬರುತ್ತದೆ. ಅಂದರೆ ಪ್ರವಾಸಿಗರು ಮುಗಿಬಿದ್ದು ಫೋಟೊ ತೆಗೆಯುವ ಆ ಬಣ್ಣದ ಪಟ್ಟಿ ರೈತನ ಲೆಕ್ಕದಲ್ಲಿ ಒಂದು ತಪಾಸಣೆಯ ಅವಧಿ, ಅಷ್ಟೆ.

ಜೂನ್ ಜುಲೈನಲ್ಲಿ ಗೆಡ್ಡೆ ಕೀಳುತ್ತಾರೆ. ಆಮೇಲೆ ಶೆಡ್ಡಿನಲ್ಲಿ ಹಳೆಯ ಸಿಪ್ಪೆ, ಬೇರು ಬಿಡಿಸಿ ಮರಿಗಳನ್ನು ಬೇರ್ಪಡಿಸುವ ಕೆಲಸ ನಡೆಯುತ್ತದೆ. ಇಲ್ಲಿನ ಶಾಲಾ ಮಕ್ಕಳಿಗೆ ಅದು ಬೇಸಿಗೆ ರಜೆಯ ಸಂಪಾದನೆ. ನಮ್ಮ ಮಕ್ಕಳೂ ಮಾಡಿದ್ದಾರೆ, ಸಂಜೆ ಬೆರಳ ತುದಿಯಲ್ಲಿ ಮಣ್ಣಿನ ಕಂದು ಕಲೆ ಹೊತ್ತು ಬರುತ್ತಿದ್ದರು. ಗೆಡ್ಡೆಗಳನ್ನು ಸುತ್ತಳತೆಯ ಪ್ರಕಾರ ವಿಂಗಡಿಸಿ ದಪ್ಪನೆಯವನ್ನು ಮಾರುತ್ತಾರೆ, ಸಣ್ಣವು ಶರತ್ಕಾಲದಲ್ಲಿ ಮತ್ತೆ ಮಣ್ಣಿಗೆ ಹೋಗುತ್ತವೆ.

ಈ ಬೇಸಾಯಕ್ಕೆ ಎಲ್ಲ ಮಣ್ಣೂ ಆಗುವುದಿಲ್ಲ. ಹಾರ್ಲೆಮ್‌ನಿಂದ ಲೈಡನ್‌ವರೆಗಿನ ಈ ಪಟ್ಟಿ ಹಿಂದೆ ಸಮುದ್ರದಂಡೆಯ ಮರಳುದಿಬ್ಬವಾಗಿತ್ತು. ನಗರಗಳ ಕಟ್ಟಡ ಕೆಲಸಕ್ಕೆ ಮರಳನ್ನು ಅಗೆದು ಸಾಗಿಸಿದ ಮೇಲೆ, ಸುಣ್ಣದ ಅಂಶವಿರುವ, ನೀರು ಸುಲಭವಾಗಿ ಬಸಿಯುವ ಸಮತಟ್ಟು ನೆಲ ಉಳಿಯಿತು. ಕಾಲುವೆಗಳ ಮೂಲಕ ಅಂತರ್ಜಲವನ್ನು ಮೇಲ್ಮೈಯಿಂದ ಸುಮಾರು ಎರಡಡಿ ಕೆಳಗೆ ಇರುವಂತೆ ವರ್ಷವಿಡೀ ಹಿಡಿದಿಡುತ್ತಾರೆ. ಹೆಚ್ಚು ತಗ್ಗಿದರೆ ಬೇರು ಒಣಗುತ್ತದೆ, ಏರಿದರೆ ಗೆಡ್ಡೆ ಕೊಳೆಯುತ್ತದೆ. ಒಂದೇ ನೆಲದಲ್ಲಿ ವರ್ಷ ವರ್ಷ ಟುಲಿಪ್ ಹಾಕಿದರೆ ರೋಗ ನಿಲ್ಲುವುದರಿಂದ ಅನೇಕರು ಸುಮಾರು ಆರು ವರ್ಷಕ್ಕೊಮ್ಮೆ ಮಾತ್ರ ಅದೇ ಜಾಗಕ್ಕೆ ಮರಳುತ್ತಾರೆ. ಹಾಗಾಗಿ ಟುಲಿಪ್ ಬೆಳೆಗಾರರು ಉತ್ತರ ಹಾಲೆಂಡಿನ ತುದಿಯವರೆಗೂ, ಸಮುದ್ರದಿಂದ ಗೆದ್ದುಕೊಂಡ ಫ್ಲೇವೊಲ್ಯಾಂಡ್‌ವರೆಗೂ ಜಮೀನು ಗುತ್ತಿಗೆ ಹಿಡಿಯುತ್ತ ಹೋಗುತ್ತಾರೆ.

ಮಾಲೆಯಿಲ್ಲ ಎಂದಿರಲ್ಲ, ಅದಕ್ಕೊಂದು ಅಪವಾದವಿದೆ. ಹೊಲದಲ್ಲಿ ವ್ಯರ್ಥವಾಗುವ ನಾರ್ಸಿಸಸ್ ಮತ್ತು ಹಯಸಿಂತ್ ಹೂವುಗಳನ್ನು ದಾರಕ್ಕೆ ಪೋಣಿಸಿ ರಸ್ತೆ ಬದಿಯಲ್ಲಿ ಮಾರುವ ಪದ್ಧತಿ ಈ ಸೀಮೆಯಲ್ಲಿ ಹಿಂದೆ ಜೋರಾಗಿತ್ತು. ಹೂವು ನೋಡಲು ಬಂದವರು ಅದನ್ನು ಕಾರಿನ ಮುಂಭಾಗಕ್ಕೆ ಕಟ್ಟಿಕೊಂಡು ಊರಿಗೆ ಮರಳುತ್ತಿದ್ದರು, ನಮ್ಮಲ್ಲಿ ಆಯುಧಪೂಜೆಯ ದಿನ ಕಾಣುವ ಹಾಗೆಯೇ. ಏಪ್ರಿಲ್‌ನಲ್ಲಿ ನೂರ್ಡ್‌ವೈಕ್‌ನಿಂದ ಹಾರ್ಲೆಮ್‌ಗೆ ಹೋಗುವ ಹೂರಥಗಳ ಮೆರವಣಿಗೆಯ ಸಿಂಗಾರಕ್ಕೂ ಮುಖ್ಯವಾಗಿ ಹಯಸಿಂತ್ ಹೂವೇ ಬೇಕು. ಸಾಧ್ಯವಾದರೆ ಅದನ್ನು ತಪ್ಪಿಸಿಕೊಳ್ಳಬೇಡಿ. ಇಲ್ಲಿ ಘಮವೆಂಬುದು ಸಿಕ್ಕರೆ ಆ ರಥಗಳ ಪಕ್ಕದಲ್ಲಿಯೇ ಸಿಗಬೇಕು.

ಹಸಿರುಮನೆ ಅವರ ಉತ್ತರ:

ಅಂಗಡಿಯ ಹೂವಿನ ಬಗ್ಗೆ ನಾನು ಹೇಳಬಲ್ಲೆ. ದೊಡ್ಡಬಳ್ಳಾಪುರದ ಪಾಲಿಹೌಸ್‌ಗಳಲ್ಲಿ ಗುಲಾಬಿ ಬೆಳೆಸಿ, ಈಗ ಆಲ್ಸ್‌ಮೇರ್‌ನಲ್ಲಿ ಹೂವಿನ ಸಗಟು ವ್ಯಾಪಾರದಲ್ಲಿ ಕೆಲಸ ಮಾಡುತ್ತಿದ್ದೇನೆ.

ಮೊದಲು ಟುಲಿಪ್. ನೀವು ಬಕೆಟ್ಟಿನಲ್ಲಿ ಕಂಡ ಟುಲಿಪ್ ಹೊಲದ ಬಿಸಿಲನ್ನು ಕಂಡದ್ದೇ ಅಲ್ಲ. ರೈತರು ಮಾರಿದ ದಪ್ಪ ಗೆಡ್ಡೆಗಳನ್ನು ಶೀತಲ ಕೋಣೆಯಲ್ಲಿ ವಾರಗಟ್ಟಲೆ ಇಟ್ಟು, ಚಳಿಗಾಲ ಮುಗಿಯಿತೆಂದು ಅವು ನಂಬುವಂತೆ ಮಾಡಿ, ಆಮೇಲೆ ಗಾಜಿನ ಮನೆಯೊಳಗೆ ನೀರು ತುಂಬಿದ ತಟ್ಟೆಗಳಲ್ಲಿ ಒತ್ತೊತ್ತಾಗಿ ನಿಲ್ಲಿಸುತ್ತಾರೆ. ಕೆಲವೇ ವಾರಗಳಲ್ಲಿ ಮೊಗ್ಗು ಬಂದಾಗ ಗಿಡವನ್ನು ಗೆಡ್ಡೆಸಹಿತ ಎಳೆದು, ದಂಟು ಉದ್ದ ಸಿಗುವಂತೆ ಗೆಡ್ಡೆಯನ್ನು ಬೇರ್ಪಡಿಸಿ ಕಟ್ಟು ಕಟ್ಟುತ್ತಾರೆ. ಈ ಸುಗ್ಗಿ ಜನವರಿಯಲ್ಲಿಯೇ ಏರತೊಡಗುತ್ತದೆ. ಆ ತಿಂಗಳ ಮೂರನೆಯ ಶನಿವಾರ ಬೆಳೆಗಾರರು ಆಮ್‌ಸ್ಟರ್‌ಡ್ಯಾಮ್‌ನ ನಡುಮಧ್ಯೆ ತಾತ್ಕಾಲಿಕ ತೋಟವೊಂದನ್ನು ಮಾಡಿ ಜನರಿಗೆ ಪುಕ್ಕಟೆಯಾಗಿ ಕೀಳಲು ಬಿಡುತ್ತಾರೆ. ಇನ್ನೊಂದು ಮಾತು, ಕತ್ತರಿಸಿದ ಮೇಲೂ ಟುಲಿಪ್ ದಂಟು ಬೆಳೆಯುತ್ತದೆ. ಮಗಳ ಮನೆಯ ಹೂದಾನಿಯಲ್ಲಿ ಇಟ್ಟು ನೋಡಿ, ಎರಡು ದಿನದಲ್ಲಿ ಒಂದೆರಡು ಬೆರಳಿನಷ್ಟು ಉದ್ದವಾಗಿ ಕಿಟಕಿಯ ಬೆಳಕಿನ ಕಡೆಗೆ ಕತ್ತು ತಿರುಗಿಸಿರುತ್ತವೆ.

ಗುಲಾಬಿಯ ಕತೆ ಬೇರೆ. ಅದರ ಬಹುಪಾಲು ಈ ದೇಶದ ಮಣ್ಣಿನದೇ ಅಲ್ಲ. ಕೀನ್ಯಾದ ನೈವಾಶಾ ಸರೋವರದ ಸುತ್ತಮುತ್ತ, ಇಥಿಯೋಪಿಯಾದ ಎತ್ತರದ ನಾಡಿನಲ್ಲಿ ಬೆಳೆದು, ಶೈತ್ಯೀಕರಿಸಿದ ಪೆಟ್ಟಿಗೆಗಳಲ್ಲಿ ವಿಮಾನದ ಮೂಲಕ ಆಮ್‌ಸ್ಟರ್‌ಡ್ಯಾಮ್‌ನ ವಿಮಾನ ನಿಲ್ದಾಣವಾದ ಸ್ಕಿಪೋಲ್‌ಗೆ ಬರುತ್ತದೆ. ಈಚೆಗೆ ಮೊಂಬಾಸಾದಿಂದ ಹಡಗಿನಲ್ಲಿಯೂ ಬರತೊಡಗಿದೆ. ಸಮಭಾಜಕದ ಬಳಿ ವರ್ಷವಿಡೀ ಹಗಲಿನ ಉದ್ದ ಒಂದೇ ಸಮನಾಗಿರುತ್ತದೆ, ಎತ್ತರದಿಂದಾಗಿ ರಾತ್ರಿ ತಂಪಾಗಿರುತ್ತದೆ. ಇಲ್ಲಿ ಗಾಜಿನ ಮನೆಯನ್ನು ಅನಿಲ ಉರಿಸಿ ಬೆಚ್ಚಗಿಡುವ ಖರ್ಚಿನ ಮುಂದೆ ಅಲ್ಲಿಂದ ಹಾರಿಸಿ ತರುವುದೇ ಲಾಭ ಎಂದು ಅನೇಕ ಡಚ್ ಗುಲಾಬಿ ಬೆಳೆಗಾರರು ಈ ಬೆಳೆಯನ್ನೇ ಬಿಟ್ಟಿದ್ದಾರೆ, ಕೆಲವರು ಆಫ್ರಿಕಾಕ್ಕೇ ಹೋಗಿ ತೋಟ ಮಾಡಿದ್ದಾರೆ. ಸ್ಕಿಪೋಲ್ ಪಕ್ಕದಲ್ಲಿಯೇ ಇರುವ ಆಲ್ಸ್‌ಮೇರ್ ಹರಾಜು ಕಟ್ಟೆಗೆ ಬಂದ ಹೂವು ಅದೇ ದಿನ ಜರ್ಮನಿ, ಫ್ರಾನ್ಸ್, ಇಂಗ್ಲೆಂಡಿನ ಕಡೆಗೆ ಲಾರಿ ಹತ್ತುತ್ತದೆ. ಹೀಗಾಗಿ ನೀವು ಕಾಣುತ್ತಿರುವ ಸಮೃದ್ಧಿಯ ದೊಡ್ಡ ಭಾಗ ಈ ದೇಶದ ಮೂಲಕ ಹಾದುಹೋಗುತ್ತಿರುವ ಸರಕು. ದಾರಿಯಲ್ಲಿ ಒಂದಿಷ್ಟು ಇಲ್ಲಿನ ಅಂಗಡಿಗಳಲ್ಲಿಯೂ ಇಳಿಯುತ್ತದೆ.

ಹರಾಜಿನ ಕ್ರಮವನ್ನು ನೋಡಲೇಬೇಕು. ನಮ್ಮಲ್ಲಿ ಹರಾಜು ಎಂದರೆ ಬೆಲೆ ಏರುತ್ತ ಹೋಗುವುದು. ಇಲ್ಲಿ ಗಡಿಯಾರದಂಥ ದುಂಡು ಫಲಕದ ಮೇಲೆ ಬೆಲೆ ಮೇಲಿನಿಂದ ಕೆಳಗೆ ಜಾರುತ್ತದೆ, ಮೊದಲು ಗುಂಡಿ ಒತ್ತಿದವನಿಗೆ ಮಾಲು. ಒಂದು ವ್ಯವಹಾರ ಮುಗಿಯಲು ಕೆಲವು ಸೆಕೆಂಡು ಸಾಕು. ತಡಮಾಡಿದರೆ ಹೂವು ಇನ್ನೊಬ್ಬನ ಪಾಲು, ಅವಸರಪಟ್ಟರೆ ದುಬಾರಿ. 1887ರಲ್ಲಿ ಉತ್ತರದ ಬ್ರೂಕ್ ಆಪ್ ಲಾಂಗೆಡೈಕ್ ಎಂಬ ಊರಿನಲ್ಲಿ ಶುರುವಾದ ತರಕಾರಿ ಹರಾಜಿನಿಂದ ಬಂದ ಪದ್ಧತಿ ಇದು. ಆಲ್ಸ್‌ಮೇರ್‌ನಲ್ಲಿ 1911-12ರ ಸುಮಾರಿಗೆ ಹುಟ್ಟಿದ ಎರಡು ಹೂವಿನ ಹರಾಜು ಸಂಘಗಳು 1968ರಲ್ಲಿ ಒಂದಾದವು, 1972ರಲ್ಲಿ ಈಗಿನ ಕಟ್ಟಡ ತೆರೆಯಿತು. ಇಂದು ಅದು ಐದು ಲಕ್ಷ ಚದರ ಮೀಟರಿಗೂ ಮಿಕ್ಕಿ ಹರಡಿದೆ. ಇದನ್ನು ನಡೆಸುತ್ತಿರುವುದು ಬೆಳೆಗಾರರೇ ಒಡೆಯರಾಗಿರುವ ರಾಯಲ್ ಫ್ಲೋರಾಹಾಲೆಂಡ್ ಎಂಬ ಸಹಕಾರ ಸಂಸ್ಥೆ. ಅದರ ಮೂಲಕ ವರ್ಷಕ್ಕೆ ಸುಮಾರು ಸಾವಿರ ಕೋಟಿ ಹೂವು ಮತ್ತು ಗಿಡಗಳು ಕೈ ಬದಲಾಯಿಸುತ್ತವೆ. ಈಗ ಬಹುತೇಕ ಖರೀದಿದಾರರು ತಮ್ಮ ಕಚೇರಿಯ ಕಂಪ್ಯೂಟರಿನಿಂದಲೇ ಗುಂಡಿ ಒತ್ತುತ್ತಾರೆ. ಗಡಿಯಾರವನ್ನು ಬಳಸದೆ ನೇರವಾಗಿ ನಡೆಯುವ ಮಾರಾಟವೇ ಹೆಚ್ಚಾಗಿದೆ. ಆದರೂ ಬೆಳಗಿನ ಜಾವ ಹೋದರೆ, ಹೂವು ತುಂಬಿದ ಗಾಡಿಗಳ ಸಾಲು ರೈಲಿನಂತೆ ಅಡ್ಡಾಡುವುದನ್ನು ಮೇಲಿನ ಸೇತುವೆಯಿಂದ ನೋಡಬಹುದು. ಬೆಂಗಳೂರಿನ ಹೆಬ್ಬಾಳದ ಅಂತರರಾಷ್ಟ್ರೀಯ ಪುಷ್ಪ ಹರಾಜು ಕೇಂದ್ರವೂ ಇದೇ ಇಳಿಮುಖ ಪದ್ಧತಿಯದು.

ಅಗ್ಗ ಏಕೆ ಎಂಬುದಕ್ಕೆ ಉತ್ತರವೂ ಇದರಲ್ಲಿಯೇ ಇದೆ. ಸಾಗಣೆ, ಶೀತಲೀಕರಣ, ಮಾರಾಟ ಎಲ್ಲವೂ ಒಂದೇ ಸೂರಿನಡಿ ಇರುವುದರಿಂದ ನಡುವೆ ಹಾಳಾಗುವ ಹೂವು ಕಡಿಮೆ. ಕೀನ್ಯಾದ ಗುಲಾಬಿ ತೋಟದ ಹೆಣ್ಣುಮಕ್ಕಳಿಗೆ ಸಿಗುವ ದಿನಗೂಲಿಯೂ ಅಗ್ಗದ ಒಂದು ಕಾರಣ ಎಂಬುದನ್ನು ಈ ವ್ಯಾಪಾರದಲ್ಲಿರುವ ನಾನು ಮುಚ್ಚಿಡಲಾರೆ.

ಉಟ್ರೆಕ್ಟ್ ಬೀದಿಯವರ ಉತ್ತರ:

ಉಳಿದದ್ದು ಬೀದಿ. ಹೆದ್ದಾರಿ ಪಕ್ಕದ ನಾರ್ಸಿಸಸ್‌ಗಳು ನಗರಸಭೆಗಳ ಮತ್ತು ರಸ್ತೆ ಇಲಾಖೆಯವರ ಕೆಲಸ. ಹುಲ್ಲನ್ನು ಸೀಳಿ, ಗೆಡ್ಡೆ ಉದುರಿಸಿ, ಮತ್ತೆ ಮುಚ್ಚುವುದನ್ನು ಒಂದೇ ಓಟದಲ್ಲಿ ಮಾಡುವ ಯಂತ್ರಗಳಿವೆ. ಕ್ರೋಕಸ್, ನಾರ್ಸಿಸಸ್, ಟುಲಿಪ್ ಬೆರೆಸಿ ನೆಟ್ಟರೆ ಫೆಬ್ರವರಿಯಿಂದ ಮೇ ತನಕ ಒಂದರ ಹಿಂದೊಂದು ಅರಳುತ್ತವೆ, ಜೇನುನೊಣಗಳಿಗೂ ಆಹಾರವಾಗುತ್ತದೆ. ನಾರ್ಸಿಸಸ್ ಅದೇ ಜಾಗದಲ್ಲಿ ವರ್ಷ ವರ್ಷ ಬರುವುದರಿಂದ ಖರ್ಚೂ ಕಡಿಮೆ. ಎಲೆ ತಾನಾಗಿ ಹಳದಿಯಾಗುವವರೆಗೆ ಆ ಜಾಗದಲ್ಲಿ ಹುಲ್ಲು ಕತ್ತರಿಸುವುದಿಲ್ಲ ಎಂಬುದೊಂದೇ ನಿಯಮ.

ಗೋಡೆಯ ಬುಡದ ಗಿಡಗಳು ಮಾತ್ರ ನಿವಾಸಿಗಳವು. ಮನೆಯ ಮುಂದಿನ ಕಾಲುದಾರಿಯಲ್ಲಿ ಗೋಡೆಗೆ ತಾಗಿದ ಒಂದು ಸಾಲು ಹಾಸುಕಲ್ಲು ಎತ್ತಿ ಗಿಡ ನೆಡಲು ಅನೇಕ ನಗರಸಭೆಗಳು ಅನುಮತಿ ಕೊಡುತ್ತವೆ. ಎಷ್ಟು ಆಳ ಅಗೆಯಬಹುದು, ಗಾಲಿಕುರ್ಚಿ ಹೋಗಲು ಎಷ್ಟು ದಾರಿ ಬಿಡಬೇಕು ಎಂದಷ್ಟೇ ಷರತ್ತು. ಜುಲೈನಲ್ಲಿ ಬಂದಿದ್ದರೆ ಆ ಗೇಣು ಮಣ್ಣಿನಲ್ಲಿ ಆಳೆತ್ತರದ ಹಾಲಿಹಾಕ್ ನಿಂತಿರುವುದನ್ನು ಕಾಣುತ್ತಿದ್ದಿರಿ. ಕಲ್ಲು ಎತ್ತಿದರೆ ಮಳೆಯ ನೀರು ಇಂಗುತ್ತದೆ, ಚರಂಡಿಯ ಮೇಲಿನ ಹೊರೆ ಇಳಿಯುತ್ತದೆ. ಈ ಲೆಕ್ಕ ಹಾಕಿ, ಯಾವ ಊರಿನವರು ಹೆಚ್ಚು ಕಲ್ಲು ಎತ್ತುತ್ತಾರೆ ಎಂದು ಈಗ ಊರೂರುಗಳ ನಡುವೆ ಪ್ರತಿ ವರ್ಷ ಸ್ಪರ್ಧೆಯೂ ನಡೆಯುತ್ತದೆ. ನಮ್ಮ ಉಟ್ರೆಕ್ಟ್‌ನಲ್ಲಂತೂ 2019ರಲ್ಲಿ ಮುನ್ನೂರಕ್ಕೂ ಹೆಚ್ಚು ಬಸ್ ತಂಗುದಾಣಗಳ ಚಾವಣಿಯ ಮೇಲೆ ಸೀಡಮ್ ಎಂಬ ದಪ್ಪ ಎಲೆಯ ಪುಟ್ಟ ಗಿಡ ಬೆಳೆಸಿದರು.

ಹಳೆಯ ಕಾಗದ ಅವರ ಉತ್ತರ:

ಇತಿಹಾಸದ ಎರಡು ಮಾತು ಸೇರಿಸುತ್ತೇನೆ. ಟುಲಿಪ್ ಈ ನಾಡಿನದಲ್ಲ. ಮಧ್ಯ ಏಷ್ಯಾದ ಬೆಟ್ಟಗಳ ಹೂವು ಆಟೊಮನ್ ತುರ್ಕರ ತೋಟಗಳನ್ನು ದಾಟಿ ಯುರೋಪಿಗೆ ಬಂತು. 1593ರಲ್ಲಿ ಲೈಡನ್ ವಿಶ್ವವಿದ್ಯಾಲಯದ ಸಸ್ಯೋದ್ಯಾನಕ್ಕೆ ಬಂದ ಕರೊಲಸ್ ಕ್ಲೂಸಿಯಸ್ ನೆಟ್ಟ ಗೆಡ್ಡೆಗಳು ಮರುವರ್ಷದ ವಸಂತದಲ್ಲಿ ಅರಳಿದವು. ಆ ಉದ್ಯಾನ ಇನ್ನೂ ಇದೆ, ನಿಮ್ಮ ಮಗಳ ಮನೆಯಿಂದ ಹೆಚ್ಚು ದೂರವಿಲ್ಲ. ಒಂದು ಗೆಡ್ಡೆಗೆ ಒಂದು ಮನೆಯ ಬೆಲೆ ಬಂದು 1637ರ ಫೆಬ್ರವರಿಯಲ್ಲಿ ಹಾರ್ಲೆಮ್‌ನಲ್ಲಿ ಕುಸಿದ ಕತೆ ಎಲ್ಲರೂ ಬಲ್ಲದ್ದು. ದೇಶವೇ ದಿವಾಳಿಯೆದ್ದಿತು ಎನ್ನುವ ಭಾಗ ಮಾತ್ರ ಆಮೇಲೆ ಬೆಳೆದ ಉತ್ಪ್ರೇಕ್ಷೆ. ವ್ಯವಹಾರದಲ್ಲಿದ್ದದ್ದು ಬಹುತೇಕ ಉಳ್ಳ ವರ್ತಕರ ಒಂದು ಸಣ್ಣ ವಲಯ. ತಮಾಷೆಯೆಂದರೆ, ಆಗ ಅತಿ ಹೆಚ್ಚು ಬೆಲೆ ಬಾಳಿದ ಗೆರೆಗೆರೆಯ ಹೂವುಗಳ ಬಣ್ಣ ಒಡೆಯಲು ಕಾರಣ ಸಸ್ಯಹೇನು ಹರಡುವ ವೈರಸ್ ಎಂದು 1920ರ ದಶಕದಲ್ಲಿ ಗೊತ್ತಾಯಿತು. ಪೋಲ್ಡರ್ ವಾಸಿಗಳು ಹೇಳಿದಂತೆ ಇಂದು ಹುಡುಕಿ ಕಿತ್ತೆಸೆಯುವುದು ಅದೇ ಬಗೆಯ ಗಿಡವನ್ನು.

1944-45ರ ಹಸಿವಿನ ಚಳಿಗಾಲದಲ್ಲಿ, ಜರ್ಮನ್ ದಿಗ್ಬಂಧನದಿಂದ ಆಹಾರ ಸಾಗಣೆ ನಿಂತಾಗ, ಪಶ್ಚಿಮದ ನಗರಗಳ ಜನ ಇದೇ ಟುಲಿಪ್ ಗೆಡ್ಡೆಗಳನ್ನು ಬೇಯಿಸಿ ತಿಂದರು. ಒಳಗಿನ ಹಳದಿ ಮೊಳಕೆಯನ್ನು ತೆಗೆದು ಬೇಯಿಸಬೇಕೆಂಬ ತಿಳುವಳಿಕೆ ಆಗ ಮನೆಮನೆಯಲ್ಲಿತ್ತು.

ಡ್ರೆಂಟೆ ಕನ್ನಡಿಗನ ಉತ್ತರ:

ಇಲ್ಲಿಯವರೆಗಿನ ಉತ್ತರಗಳಲ್ಲಿ ಒಂದು ಮುಖ್ಯ ವಿಷಯ ಬಿಟ್ಟುಹೋಗಿದೆ. ಹೂಗೆಡ್ಡೆಯ ಬೇಸಾಯಕ್ಕೆ, ಅದರಲ್ಲಿಯೂ ಲಿಲ್ಲಿಗೆ, ಹೆಕ್ಟೇರಿಗೆ ಬಳಸುವ ಕೀಟನಾಶಕ ಮತ್ತು ಶಿಲೀಂಧ್ರನಾಶಕದ ಪ್ರಮಾಣ ಇತರ ಬಹುತೇಕ ಬೆಳೆಗಳಿಗಿಂತ ಬಹಳ ಹೆಚ್ಚು. ಈಶಾನ್ಯದ ನಮ್ಮ ಡ್ರೆಂಟೆ ಪ್ರಾಂತ್ಯದಲ್ಲಿ ಲಿಲ್ಲಿ ಹೊಲಗಳು ಹಳ್ಳಿಯ ಮನೆಗಳಿಗೆ ಅಂಟಿಕೊಂಡೇ ಬರುತ್ತಿವೆ. ಸಿಂಪಡಣೆಯ ದಿನ ಕಿಟಕಿ ಮುಚ್ಚಿಕೊಂಡು ಕೂರುವ ನಿವಾಸಿಗಳು ನ್ಯಾಯಾಲಯಕ್ಕೆ ಹೋಗಿದ್ದಾರೆ, 2023ರಲ್ಲಿ ಅವರ ಪರವಾಗಿ ಆದೇಶವೂ ಬಂದಿತ್ತು. ಹೊಲದ ಬಣ್ಣವನ್ನು ಹೊಗಳುವಾಗ ಇದನ್ನೂ ಹೇಳುವುದು ನ್ಯಾಯ. ಸಾವಯವ ಗೆಡ್ಡೆ ಬೆಳೆಯುವವರೂ ಇದ್ದಾರೆ, ಆದರೆ ಒಟ್ಟು ಬೆಳೆಯಲ್ಲಿ ಅವರ ಪಾಲು ತೀರಾ ಚಿಕ್ಕದು.

ಶಂಕರಪುರದವರ ಉತ್ತರ:

ನಾನು ಆ ದೇಶವನ್ನು ಕಂಡವನಲ್ಲ, ಉಡುಪಿ ಸೀಮೆಯ ಮಲ್ಲಿಗೆ ಬೆಳೆಗಾರ. ಓದುತ್ತ ಹೋದಂತೆ ನನಗೆ ಅನ್ನಿಸಿದ್ದು, ನಮ್ಮಲ್ಲಿ ಹೂವು ಕಡಿಮೆ ಎಂದಲ್ಲ, ಅದು ಕಣ್ಣಿಗೆ ಬೀಳುವ ಕ್ರಮವೇ ಬೇರೆ. ನಮ್ಮದು ದಂಟಿಲ್ಲದ ಬಿಡಿ ಹೂವು. ಬೆಳಗಾಗುವ ಮೊದಲು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಎಂಟುನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂದು ಲೆಕ್ಕ ಹಾಕಿ ಕಟ್ಟೆಗೆ ಒಪ್ಪಿಸುತ್ತೇವೆ. ಅಟ್ಟೆಯ ದರ ದಿನಾ ಹೊಸದಾಗಿ ಗೊತ್ತಾಗುತ್ತದೆ. ಮದುವೆಯ ಮುಹೂರ್ತವಿದ್ದರೆ ಏರುತ್ತದೆ, ಇಲ್ಲದಿದ್ದರೆ ಇಳಿಯುತ್ತದೆ. ಸಂಜೆಯೊಳಗೆ ಅದು ಮುಡಿಗೋ ಮೂರ್ತಿಗೋ ಸೇರಿ, ಮರುದಿನ ನಿರ್ಮಾಲ್ಯವಾಗುತ್ತದೆ. ಅವರದು ವಾರಗಟ್ಟಲೆ ಬಾಳಬೇಕಾದ ಹೂವು. ಅದಕ್ಕೆಂದೇ ತಳಿಗಾರರು ದಂಟಿನ ಗಟ್ಟಿತನ, ಬಾಳಿಕೆ, ಸಾಗಣೆ ನೋಡುತ್ತಾ ಗುಲಾಬಿಯ ಪರಿಮಳವನ್ನು ಕೈಬಿಟ್ಟರು ಎಂದು ಕೇಳಿದ್ದೇನೆ. ಹಸಿರುಮನೆಯವರು ಹೇಳಲಿ.

ಹಸಿರುಮನೆ ಅವರ ಉತ್ತರ:

ನಿಮ್ಮ ಮಾತು ಸರಿ. ಬಹಳ ದಿನ ಬಾಳುವ ತಳಿಗಳಲ್ಲಿ ಸಾಮಾನ್ಯವಾಗಿ ಪರಿಮಳ ಕಡಿಮೆ. ಹರಾಜಿನಲ್ಲಿ ದಂಟಿನ ಉದ್ದ, ಮೊಗ್ಗಿನ ಗಾತ್ರ, ಅರಳಿದ ಹಂತ ಇವಕ್ಕೆ ದರ್ಜೆಯಿದೆ, ಪರಿಮಳಕ್ಕೆ ಕಾಲಂ ಇಲ್ಲ.

ತುಂಗಾತೀರ:

ಎಲ್ಲರಿಗೂ ಕೃತಜ್ಞತೆಗಳು. ಉತ್ತರಗಳನ್ನು ಮಗಳಿಗೂ ಓದಿ ಹೇಳಿದೆ. ಒಂದು ಕೊನೆಯ ಸಂದೇಹ. ಆಮ್‌ಸ್ಟರ್‌ಡ್ಯಾಮ್ ಕಾಲುವೆಯ ಮೇಲಿನ ಹೂವಿನ ಸಂತೆಯಲ್ಲಿ ಟುಲಿಪ್ ಗೆಡ್ಡೆಗಳನ್ನು ಚೀಲಗಳಲ್ಲಿ ಮಾರುತ್ತಿದ್ದರು. ಕೊಂಡುಹೋದರೆ ತೀರ್ಥಹಳ್ಳಿಯಲ್ಲಿ ಹೂ ಬಿಟ್ಟೀತೇ?

ಪೋಲ್ಡರ್ ವಾಸಿ:

ಬೇಡ ಮೇಡಂ, ಎರಡು ಕಾರಣಗಳಿವೆ. ಗೆಡ್ಡೆ ಮಾರುವ ಸರಿಯಾದ ಕಾಲ ಸೆಪ್ಟೆಂಬರ್‌ನಿಂದ. ಏಪ್ರಿಲ್‌ನಲ್ಲಿ ಚೀಲದಲ್ಲಿರುವ ಟುಲಿಪ್ ಗೆಡ್ಡೆ ಕಳೆದ ಬೇಸಿಗೆಯದು, ಅಷ್ಟರಲ್ಲಿ ಸೊರಗಿರುತ್ತದೆ. ಎರಡನೆಯದಾಗಿ, ಗೆಡ್ಡೆಯೂ ಸಸ್ಯವೇ ಆದ್ದರಿಂದ ಭಾರತದ 2003ರ ಸಸ್ಯ ಸಂಪರ್ಕತಡೆ ಆದೇಶದ ಪ್ರಕಾರ ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅವಿಲ್ಲದೆ ಸೂಟ್‌ಕೇಸಿನಲ್ಲಿ ಸಿಕ್ಕರೆ ವಿಮಾನ ನಿಲ್ದಾಣದಲ್ಲಿಯೇ ಕಿತ್ತುಕೊಳ್ಳುತ್ತಾರೆ.

ಇನ್ನು ಹೂ ಬಿಡುವ ಮಾತು. ಮೂರು ನಾಲ್ಕು ತಿಂಗಳ ಕೊರೆಯುವ ಚಳಿ ಸಿಗದೆ ಅದರ ಮೊಗ್ಗು ಮೇಲೇಳುವುದಿಲ್ಲ. ಶ್ರೀನಗರದಲ್ಲಿ ಝಬರ್ವಾನ್ ಬೆಟ್ಟದ ಬುಡದ ಟುಲಿಪ್ ತೋಟ ನಡೆಯುತ್ತಿರುವುದು ಅಲ್ಲಿ ಆ ಚಳಿ ಇರುವುದರಿಂದಲೇ. ಮಲೆನಾಡಿನ ಮಾಗಿಗೆ ಅಷ್ಟು ಶಕ್ತಿಯಿಲ್ಲ. ಫ್ರಿಜ್ಜಿನಲ್ಲಿಟ್ಟು ಒಮ್ಮೆ ಅರಳಿಸಿದರೂ ಗೆಡ್ಡೆ ಮತ್ತೆ ದಪ್ಪಗಾಗುವುದಿಲ್ಲ. ಗೆಡ್ಡೆಯ ಹೂವೇ ಬೇಕಿದ್ದರೆ ಹಿಪ್ಪಿಯಾಸ್ಟ್ರಮ್ ನೆಡಿ, ನರ್ಸರಿಯವರು ಅಮರಿಲ್ಲಿಸ್ ಎನ್ನುತ್ತಾರೆ. ಅದು ದಕ್ಷಿಣ ಅಮೆರಿಕದ ಬೆಚ್ಚನೆಯ ನಾಡಿನ ಗಿಡ. ಅದರ ದೊಡ್ಡ ಹೂವಿನ ತಳಿಗಳಲ್ಲಿ ಅನೇಕವನ್ನು ಡಚ್ಚರೇ ಬೆಳೆಸಿದ್ದಾರೆ. ನಮ್ಮ ಕಡೆಯ ನರ್ಸರಿಗಳಲ್ಲಿ ಗೆಡ್ಡೆ ಸಿಗುತ್ತದೆ. ಬುಡದಲ್ಲಿ ನೀರು ನಿಲ್ಲದ ಹಾಗೆ, ಗೆಡ್ಡೆಯ ಕುತ್ತಿಗೆ ಮಣ್ಣಿನಿಂದ ಮೇಲಿರುವ ಹಾಗೆ ನೆಟ್ಟು, ಮಳೆಗಾಲದಲ್ಲಿ ಜಗಲಿಯ ಅಂಚಿಗೆ ಸರಿಸಿಕೊಂಡರೆ ಸಾಕು.